ಹೇಮಾವತಿಯ ದಂಡೆಯಿಂದ ನೈಲ್ ದಂಡೆಗೆ: ನದಿ ಕಣಿವೆಯ ನಾಗರಿಕತೆಗಳನ್ನು ಕಲಿಸುವ ಒಂದು ಕ್ರಮ

ಪ್ರೌಢಶಾಲೆಯಲ್ಲಿ ನದಿ ಕಣಿವೆಯ ನಾಗರಿಕತೆಗಳ ಪಾಠವನ್ನು ನಾವು ಅರಸರ ಹೆಸರು ಮತ್ತು ಇಸವಿಗಳಿಂದ ಆರಂಭಿಸುತ್ತೇವೆ. ಮಕ್ಕಳು ಅವನ್ನು ಉರುಹೊಡೆದು, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಹಾಸನ ಜಿಲ್ಲೆಯ ಶಿಕ್ಷಕರು ಮೊದಲು ನದಿಯನ್ನು ಓದಿಸಿ, ಅರಸನನ್ನು ಆಮೇಲೆ ಕರೆತರಬಹುದು.

ಮೊದಲ ದಿನಕ್ಕೆ ಒಂದೇ ಪ್ರಶ್ನೆ ಸಾಕು: ನೆರೆ ಬಂದಾಗ ಪೈರು ಯಾವ ಹಂತದಲ್ಲಿರುತ್ತದೆ? ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯು ಆಷಾಢದ ಮಳೆಗೆ ಕೆಂಪಾಗಿ ಹರಿಯುವುದನ್ನು ಸಕಲೇಶಪುರದ ಸೇತುವೆಯ ಮೇಲಿಂದ ತೋರಿಸಿ. ಗೊರೂರು ಅಣೆಕಟ್ಟಿನ ಕೆಳಗೆ ನದಿಯ ಸಹಜ ಏರಿಳಿತ ಕಾಣದು. ಸೇತುವೆಯಿಂದ ಈ ನೆರೆಯನ್ನು ಕಂಡ ಮಗುವಿಗೆ ನೈಲ್ ಸುಲಭವಾಗಿ ಅರ್ಥವಾಗುತ್ತದೆ: ಇಥಿಯೋಪಿಯಾದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆಯಿಂದ ಜುಲೈ ವೇಳೆಗೆ ಉಕ್ಕುತ್ತಿದ್ದ ಆ ನದಿ, ಇಳಿಯುವಾಗ ಮೆಕ್ಕಲು ಮಣ್ಣನ್ನು ಬಿಟ್ಟು ಹೋಗುತ್ತಿತ್ತು, ಬಿತ್ತನೆಗೆ ಅದೇ ಸರಿಯಾದ ಸಮಯವಾಗಿತ್ತು. ಈಜಿಪ್ಟಿನವರು ವರ್ಷವನ್ನೇ ನೆರೆ, ಬೆಳೆ, ಕೊಯ್ಲು ಎಂದು ನಾಲ್ಕು ನಾಲ್ಕು ತಿಂಗಳ ಮೂರು ಕಾಲಗಳಾಗಿ ಎಣಿಸಿದ್ದರು.

ಇಂದಿನ ಇರಾಕಿನಲ್ಲಿ ಹರಿಯುವ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಸ್ವಭಾವ ಬೇರೆ. ಉತ್ತರದ ಬೆಟ್ಟಗಳ ಹಿಮ ಕರಗಿ ಏಪ್ರಿಲ್–ಮೇ ತಿಂಗಳಲ್ಲಿ ನೆರೆ ಬರುವಾಗ ಜವೆಗೋಧಿ ಕೊಯ್ಲಿಗೆ ನಿಂತಿರುತ್ತಿತ್ತು. ನೀರನ್ನು ಏರಿ ಕಟ್ಟಿ ತಡೆಯಬೇಕು, ಬಿತ್ತನೆಯ ಕಾಲದಲ್ಲಿ ಅದೇ ನೀರನ್ನು ನಾಲೆಯಲ್ಲಿ ತರಬೇಕು. ಇಲ್ಲಿ ನಿಲ್ಲಿಸಿ, ತೂಬನ್ನು ಮೊದಲು ಯಾರ ಗದ್ದೆಗೆ ತೆರೆಯಬೇಕೆಂದು ಕೇಳಿರಿ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನು ಬಲ್ಲ ಮನೆಯ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ನಾಲೆಯ ಕೊನೆಯಲ್ಲಿ ಗದ್ದೆಯಿರುವ ಮಗು ಆ ಉತ್ತರವನ್ನು ಒಪ್ಪುವುದಿಲ್ಲ. ಆ ವಾದ ಬೆಳೆಯಲಿ. ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಶಾಸನದಲ್ಲಿ, ರೈತನೊಬ್ಬ ತನ್ನ ಏರಿಯನ್ನು ಭದ್ರಪಡಿಸದೆ ಬಿಟ್ಟು, ಅದು ಒಡೆದು ನೆರೆಹೊರೆಯವರ ಪೈರು ಹಾಳಾದರೆ ಅವನೇ ಧಾನ್ಯ ತುಂಬಿಕೊಡಬೇಕೆಂಬ ವಿಧಿಯಿದೆ ಎಂದು ಆಗ ಹೇಳಿದರೆ ಕಾನೂನು ಏಕೆ ಹುಟ್ಟಿತೆಂಬುದು ಮನಸ್ಸಿಗೆ ನಾಟುತ್ತದೆ. ಆದರೆ ನೀರಾವರಿಯೊಂದೇ ರಾಜ್ಯವನ್ನು ಹುಟ್ಟಿಸಿತೆಂದು ಕಲಿಸಬೇಡಿ. ನಮ್ಮ ಕೆರೆಗಳನ್ನು ಊರಿನವರೇ ನಿರ್ವಹಿಸಿದ ಕಾಲವೂ ಇತ್ತು. ದೇವಾಲಯ, ವ್ಯಾಪಾರ, ಯುದ್ಧ ಇವೂ ಅಷ್ಟೇ ಮುಖ್ಯ. ಅದೇ ನದಿಗಳ ಕೆಳದಂಡೆಯ ಸುಮೇರಿನ ನಗರರಾಜ್ಯಗಳನ್ನು ಕ್ರಿ.ಪೂ. 2334ರ ಸುಮಾರಿಗೆ ಅಕ್ಕಾಡಿನ ಅರಸ ಸಾರ್ಗಾನ್ ಒಂದು ಸಾಮ್ರಾಜ್ಯವಾಗಿಸಿದ್ದು ಯುದ್ಧದಿಂದ.

ಎರಡನೆಯ ದಿನ, ಸುಮೇರಿನವರು ಮಣ್ಣಿನ ಹಲಗೆಯ ಮೇಲೆ ಬರೆದ ಬಗೆಯನ್ನು ತಿಳಿಸಲು ಕೆರೆಯ ಜೇಡಿಮಣ್ಣನ್ನು ತರಿಸಿ. ಅಂಗೈಯಗಲದ ಹಲಗೆ ತಟ್ಟಿ, ಬಿದಿರಿನ ಕಡ್ಡಿಯ ತುದಿಯನ್ನು ಚೌಕವಾಗಿ ಕತ್ತರಿಸಿ, ಅದರ ಒಂದು ಮೂಲೆಯನ್ನು ಓರೆಯಾಗಿ ಒತ್ತಿದರೆ ಬೆಣೆಯಂಥ ಗುರುತು ಮೂಡುತ್ತದೆ. ಮಣ್ಣು ಹೆಚ್ಚು ಹಸಿಯಾಗಿದ್ದರೆ ಗುರುತು ಕದಡುತ್ತದೆ, ಒಣಗಿದ್ದರೆ ಬಿರಿಯುತ್ತದೆ. ಮನೆಯ ಕಣಜದಲ್ಲಿ ಎಷ್ಟು ಚೀಲ ರಾಗಿಯಿದೆ, ಯಾರಿಗೆ ಎಷ್ಟು ಅಳೆದುಕೊಟ್ಟಿದ್ದಾರೆ ಎಂಬುದನ್ನೇ ಬರೆಯಿಸಿ. ಸುಮೇರಿನ ಉರುಕ್ ನಗರದ ಅತ್ಯಂತ ಹಳೆಯ ಹಲಗೆಗಳಲ್ಲಿ ಬಹುಪಾಲು ಇಂಥ ಲೆಕ್ಕಗಳೇ.

ಚೀನಾದ ಹಳದಿ ನದಿಯನ್ನು ಭೂಪಟದಲ್ಲಿ ತೋರಿಸಿ, ಅಲ್ಲಿನ ಆನ್ಯಾಂಗ್ ಊರಿನಲ್ಲಿ ಸಿಕ್ಕ, ಭವಿಷ್ಯ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲಿನ ಬರಹದ ಬಗ್ಗೆ ಹೇಳಿ ಮುಂದೆ ಸಾಗಬಹುದು.

ಸಿಂಧೂ ಕಣಿವೆಗೆ ಮಾತ್ರ ಪೂರ್ತಿ ಒಂದು ದಿನ ಮೀಸಲಿಡಿ. 7, 14, 28 ಸೆಂಟಿಮೀಟರ್ ಅಳತೆಯ ಮರದ ಅಚ್ಚಿನಲ್ಲಿ ಇಟ್ಟಿಗೆ ಹೊಯ್ಯಿಸಿ. ಒಣಗಿದ ಎರಡು ಇಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು, ಮೂರನೆಯದನ್ನು ಅವುಗಳ ಮೇಲೆ ಅಡ್ಡಲಾಗಿ ಕೂರಿಸಿದರೆ ಅಂಚುಗಳು ಸರಿಯಾಗಿ ಕೂಡುತ್ತವೆ. ಈ 1:2:4ರ ಅನುಪಾತದ ಗುಟ್ಟನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಸುಮಾರು 600 ಕಿಲೋಮೀಟರ್ ಅಂತರದ ಹರಪ್ಪಾ ಮತ್ತು ಮೊಹೆಂಜೊದಾರೊಗಳೆರಡರಲ್ಲೂ ಇದೇ ಅನುಪಾತ ಬಳಕೆಯಲ್ಲಿತ್ತು. ಅಲ್ಲಿ ಅರಮನೆಯೆಂದು ಖಚಿತವಾಗಿ ಗುರುತಿಸಬಹುದಾದ ಕಟ್ಟಡ ಈವರೆಗೆ ಸಿಕ್ಕಿಲ್ಲ, ಲಿಪಿಯನ್ನು ಯಾರೂ ಓದಿಲ್ಲ. ಅರಸನ ಹೆಸರೇ ಗೊತ್ತಿಲ್ಲದ ಕಡೆ ಇಷ್ಟು ಊರುಗಳಿಗೆ ಒಂದೇ ಅಳತೆಯನ್ನು ಯಾರು ಗೊತ್ತುಪಡಿಸಿದರು ಎಂದು ತರಗತಿಯ ಕಪ್ಪುಹಲಗೆಯ ಮೇಲೆ ಬರೆದು, ಉತ್ತರವನ್ನು ಮಕ್ಕಳ ಊಹೆಗೆ ಬಿಡಿ.