ಹದಿನೇಳು ಮಂದಿಗೆ ‘ಟಾನ್‌ಹಾಯ್ಸರ್’

1845ರಲ್ಲಿ ಡ್ರೆಸ್ಡೆನ್‌ನಲ್ಲಿ ರಂಗಕ್ಕೆ ಬಂದ ‘ಟಾನ್‌ಹಾಯ್ಸರ್’ಗೆ ಜರ್ಮನ್ ಸಂಗೀತಕಾರ ವಾಗ್ನರ್ ಇಟ್ಟ ಉಪಶೀರ್ಷಿಕೆಯೇ ‘ಗ್ರ್ಯಾಂಡ್ ರೊಮ್ಯಾಂಟಿಕ್ ಒಪೆರಾ’. ರಂಗದ ಮುಂದೆ ವಾದ್ಯಗಾರರು ಕೂರುವ ಪಿಟ್‌ನಲ್ಲಿ ಊದುವವರೇ 20 ಮಂದಿ; ತೆರೆಯ ಹಿಂದೆ ಬೇಟೆಯ ಕರೆಗೆ ಮತ್ತೆ 12 ಹಾರ್ನ್. ಈ ವಾದ್ಯವೃಂದವನ್ನು 17 ಮಂದಿಗೆ ಇಳಿಸಬಹುದು. ಎಲ್ಲ ವಾದ್ಯಗಳ ಸ್ವರವನ್ನೂ ಪಿಯಾನೊಗೆ ಇಳಿಸಿ ಬರೆದ ಪಿಯಾನೊ ಸ್ಕೋರ್ ಹಿಡಿದು ಕೂತರೆ ಮಾತ್ರ ಕೆಲಸ ಕೆಟ್ಟಂತೆ: ಯಾವ ಸ್ವರ ಯಾವ ವಾದ್ಯದ್ದೆಂದು ಅದರಲ್ಲಿ ತಿಳಿಯದು. ಡ್ರೆಸ್ಡೆನ್ ಆವೃತ್ತಿಯ, ಪ್ರತಿ ವಾದ್ಯದ ಸಾಲೂ ಬೇರೆಯಾಗಿರುವ ಪೂರ್ಣ ಸ್ಕೋರ್ ಇಟ್ಟುಕೊಳ್ಳಿ. 1861ರ ಪ್ಯಾರಿಸ್ ಆವೃತ್ತಿಯಲ್ಲಿ ವೀನಸ್‌ಬರ್ಗ್ (ವೀನಸ್ ದೇವತೆಯ ಬೆಟ್ಟ) ದೃಶ್ಯದ ವಾದ್ಯಸಂಗೀತ ಇನ್ನೂ ದಟ್ಟ.

ಮೊದಲು ತಂಡ. ಫ್ಲೂಟ್, ಓಬೊ, ಬಸೂನ್ ಒಂದೊಂದು. ಕ್ಲಾರಿನೆಟ್ ಎರಡು, ಹಾರ್ನ್ ಎರಡು. ಟ್ರಂಪೆಟ್, ಟ್ರೊಂಬೋನ್, ಟಿಂಪನಿ, ಹಾರ್ಪ್, ಹಾರ್ಮೋನಿಯಂ. ಎರಡು ವಯಲಿನ್, ವಯೋಲ, ಚೆಲ್ಲೊ, ಡಬಲ್ ಬಾಸ್. ವಯಲಿನ್‌ನ ಒಂದೇ ಸಾಲಿಗೆ ಇಬ್ಬರನ್ನು ಕೂರಿಸಬೇಡಿ, ಶ್ರುತಿಯ ಕೂದಲೆಳೆ ವ್ಯತ್ಯಾಸವೂ ಕಿವಿಗೆ ರಾಚುತ್ತದೆ. ಒಬ್ಬರಿರಲಿ, ಇಲ್ಲವೇ ಮೂವರು. ಹಾರ್ಪ್ ಬದಲು ಪಿಯಾನೊ ಸಾಕೆನ್ನುವವರಿದ್ದಾರೆ. ಹಾಡುಗಾರರೇ ಪಾತ್ರಗಳಾಗಿ ಹಾರ್ಪ್ ಹಿಡಿದು ಹಾಡುವ ಕಥೆಗೆ ಅದು ಸಾಲದು. ಹಾರ್ಮೋನಿಯಂ ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಥರದ್ದು, ಎರಡೂ ಕೈ ಖಾಲಿ ಸಿಗಬೇಕು.

ನಂತರ ಪೆನ್ಸಿಲ್ ಹಿಡಿದು, ಒಂದೇ ಸ್ವರವನ್ನು ಇಬ್ಬರು ಮೂವರು ನುಡಿಸುವ ಕಡೆಗಳಲ್ಲಿ ಹೆಚ್ಚಿನವರನ್ನು ಹೊಡೆದುಹಾಕಿ. ಉಳಿದದ್ದೇ ನಿಜವಾದ ಲೆಕ್ಕ.

ತೆರೆ ಏಳುವ ಮುನ್ನ ನುಡಿಸುವ ಪೀಠಿಕೆಯ ಮೊದಲ 16 ಬಾರ್ (ಸ್ವರಲಿಪಿಯಲ್ಲಿ ತಾಳದ ಖಾನೆಗಳು) ನೋಡಿ. ಯಾತ್ರಿಕರ ಹಾಡು ಎರಡೆರಡು ಕ್ಲಾರಿನೆಟ್, ಹಾರ್ನ್, ಬಸೂನ್‌ಗಳದ್ದು. ನಮ್ಮಲ್ಲಿ ಒಂದು ಬಸೂನ್ ಕಮ್ಮಿ. ಆ ಸಾಲನ್ನು ಚೆಲ್ಲೊಗೆ ದಾಟಿಸುವ ಆಸೆ ಸಹಜ, ಆದರೆ ಮುಂದಿನ ದುಃಖದ ಸಾಲನ್ನು ಶುರುಮಾಡುವುದೇ ಚೆಲ್ಲೊ. ಅದರ ದನಿ ಮೊದಲೇ ಕೇಳಿಸಿದರೆ ಆ ಕ್ಷಣ ಸಪ್ಪೆ. ಹಾರ್ಮೋನಿಯಂಗೆ ಕೊಡಿ, ತೀರಾ ಮೆಲ್ಲಗೆ.

ಟ್ರೊಂಬೋನ್‌ಗಳು ಅದೇ ಹಾಡನ್ನು ಎತ್ತಿದಾಗ ಕಷ್ಟ ತಿರುವುಮುರುವು. ಸುತ್ತ ಇಳಿಯುವ ವಯಲಿನ್ ಸುರುಳಿಗಳನ್ನು ಎರಡೇ ವಯಲಿನ್ ನುಡಿಸಬೇಕು. ಟ್ರೊಂಬೋನ್ ಮತ್ತು ಹಾರ್ನ್‌ಗಳಿಗೆ ‘ಎಫ್‌ಎಫ್’ (ತುಂಬ ಜೋರು) ಬದಲು ‘ಎಂಎಫ್’ (ಸಾಧಾರಣ ಜೋರು) ಬರೆಯಿರಿ, ಇಲ್ಲದಿದ್ದರೆ ವಯಲಿನ್ ಬಿಲ್ಲು ಆಡುವುದು ಕಾಣುತ್ತದೆ, ಕೇಳುವುದಿಲ್ಲ. ಒಂಟಿ ವಯಲಿನ್‌ನ ಟ್ರೆಮೊಲೊ (ಬಿಲ್ಲನ್ನು ವೇಗವಾಗಿ ಆಡಿಸಿ ಸ್ವರ ನಡುಗಿಸುವುದು) ಸೊಳ್ಳೆಯ ಗುಂಯ್‌ಗುಡುವಿಕೆಯಾಗುತ್ತದೆ. ಅದರಡಿ ಹಾರ್ಮೋನಿಯಂನ ಉದ್ದ ಸ್ವರ ಹಾಸಿ.

ಬೇಟೆಯ ಕರೆಗೆ ಎರಡೂ ಹಾರ್ನ್‌ಗಳನ್ನು ತೆರೆಯ ಹಿಂದೆ ಕಳಿಸಿ. ಎದ್ದು ಹೋಗಲು, ಬಂದು ಕೂರಲು ಬೇಕಾದ ಬಾರ್‌ಗಳನ್ನು ಎಣಿಸಿ ಅಲ್ಲಿ ಅವರಿಗೆ ಏನೂ ಬರೆಯಬೇಡಿ.

ಕೊನೆಗೆ ತುಟಿಯ ಲೆಕ್ಕ. ಮೂಲದಲ್ಲಿ ನಾಲ್ಕು ಹಾರ್ನ್‌ಗಳು ಹಂಚಿಕೊಂಡಿದ್ದ ಕೆಲಸ ಇಲ್ಲಿ ಇಬ್ಬರದ್ದು. ಬಿಡುವಿಲ್ಲದೆ ಬರೆದರೆ ತುಟಿ ದಣಿದು ಮೂರನೇ ಅಂಕದಲ್ಲಿ ಸ್ವರ ಒಡೆಯುತ್ತದೆ. ಪ್ರತಿ ಪುಟದಲ್ಲೂ ಒಂದಷ್ಟು ಬಾರ್ ಖಾಲಿ ಬಿಡಿ. ಹಾಳೆ ತಿರುಗಿಸುವ ಜಾಗವೂ ಅಲ್ಲೇ ಬರಲಿ.