ಬೆಳಿಗ್ಗೆ ಪೇಪರು, ಆಮೇಲೆ ಹಳೇ ಟ್ರಂಕು

ಮುಂಬಯಿಯ ಕನ್ನಡ ದಿನಪತ್ರಿಕೆಯೊಂದರಲ್ಲಿ ನಾನು ಮ್ಯಾನೇಜರ್. ನಸುಕಿಗೇ ಬಂಡಲ್ ಹೊರಡಬೇಕು, ಏಜೆಂಟರ ಬಾಕಿ ವಸೂಲಾಗಬೇಕು. ಅದು ಮುಗಿದ ಮೇಲಿನ ಹೊತ್ತೆಲ್ಲ ಇಲ್ಲಿನ ಕನ್ನಡಿಗರ ಹಳೇ ಕಾಗದಗಳಿಗೆ.

ಶುರುವಾಗಿದ್ದು 2005ರ ಜುಲೈ 26ರ ಮಳೆಯಿಂದ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಕಲೀನಾದಲ್ಲಿ ಪರಿಚಯದವರ ಮನೆಯ ಮಂಚದಡಿಯ ಟ್ರಂಕಿಗೆ ನೀರು ನುಗ್ಗಿತ್ತು. ಒಳಗೆ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಕನ್ನಡ ರಾತ್ರಿ ಶಾಲೆಯ ಹಾಜರಿ ಪುಸ್ತಕ. ಬಿಸಾಡಲು ಹೊರಟಿದ್ದರು. ಕೊಡಿ ಅಂತ ಕೇಳಿ ತಂದುಕೊಂಡೆ.

ಒದ್ದೆ ಹಾಳೆಯನ್ನು ಎಳೆದರೆ ಹರಿಯುತ್ತದೆ, ಬಿಸಿಲಿಗಿಟ್ಟರೆ ಸುರುಟುತ್ತದೆ. ಪ್ರೆಸ್ಸಿನಲ್ಲಿ ರೀಲ್ ಮುಗಿಯುವಾಗ ಉಳಿಯುವ ಖಾಲಿ ನ್ಯೂಸ್‌ಪ್ರಿಂಟ್ ನೆನಪಾಯಿತು. ಅದು ನೀರನ್ನು ಚೆನ್ನಾಗಿ ಹೀರುತ್ತದೆ. ಬಿಡಿಸಲು ಬಂದಷ್ಟು ಹಾಳೆಗಳ ನಡುವೆ ಅದನ್ನಿಟ್ಟು, ಒದ್ದೆಯಾದಂತೆ ಬದಲಾಯಿಸಿ, ಫ್ಯಾನ್ ಹಾಕಿ ಕೂತೆ. ಐದು ದಿನ ಬೇಕಾಯಿತು. ಒಣಗಿದ ಮೇಲೆ ಆ ಕಾಗದವನ್ನು ಒಳಗೆ ಬಿಡಬಾರದು. ಅದರಲ್ಲಿನ ಆಮ್ಲ ಪಕ್ಕದ ಹಾಳೆಯನ್ನೂ ಹಾಳುಮಾಡುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಹುಡುಗರ ವಿಳಾಸದ ಕಾಲಂನಲ್ಲಿ ಮನೆಯೇ ಇಲ್ಲ! ಬರೀ ಹೋಟೆಲು, ಕ್ಯಾಂಟೀನು. ಹಗಲೆಲ್ಲ ಕಪ್ಪು ಬಸಿ ತೊಳೆದು ರಾತ್ರಿ ಸ್ಲೇಟು ಹಿಡಿದವರು. ಗೈರುಹಾಜರಾದ ಕಡೆ ಮಾಸ್ತರರು ಕೆಂಪು ಶಾಯಿಯಲ್ಲಿ ಕಾರಣ ಬರೆದಿದ್ದಾರೆ: 'ಡಬಲ್ ಡ್ಯೂಟಿ'. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಮ್ಮ ಏಜೆಂಟರಿಗೆಲ್ಲ ಹೇಳಿಟ್ಟೆ. ಯಾವ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ, ಯಾರು ಊರಿಗೆ ವಾಪಸ್ ಹೊರಟರು ಅಂತ ಮೊದಲು ಗೊತ್ತಾಗುವುದು ಪೇಪರ್ ಹಾಕುವವರಿಗೇ ಅಲ್ವಾ? ಸ್ಮರಣ ಸಂಚಿಕೆ, ರಸೀದಿ ಪುಸ್ತಕ, ನಾಟಕದ ಕರಪತ್ರ ರದ್ದಿಗೆ ಬೀಳುವ ಮುಂಚೆ ಫೋನ್ ಬರುತ್ತದೆ.

ಹಿರಿಯರನ್ನು ಮಾತಾಡಿಸುವಾಗ ಇಸವಿ ಕೇಳುವುದಿಲ್ಲ. "ಡಾಕ್ ಸ್ಫೋಟಕ್ಕೆ ಮೊದಲೋ, ಆಮೇಲೋ?" ಅಂತ ಕೇಳುತ್ತೇನೆ. ಮುಂಬಯಿ ಬಂದರಿನಲ್ಲಿ ಹಡಗು ಸಿಡಿದ ಆ ದಿನ 1944ರ ಏಪ್ರಿಲ್ 14. "ಆಗ ಟ್ರಾಮ್ ಓಡ್ತಿತ್ತಾ?" ಓಡುತ್ತಿತ್ತು ಅಂದರೆ 1964ರ ಮಾರ್ಚ್ ದಾಟಿಲ್ಲ. ಹೀಗೆ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಮ್ಮೆ ಒಬ್ಬರ ಅಪ್ಪನ ಫೋಟೋದ ಅಸಲು ಪ್ರತಿಯನ್ನೇ ಅಚ್ಚಿಗೆ ಅಂತ ಹೊರಗೆ ಕೊಟ್ಟೆ. ಕಳೆದುಹೋಯಿತು. ಆ ಮಗಳ ಮುಖ ಇನ್ನೂ ಕಣ್ಣೆದುರಿಗಿದೆ. ಅಂದಿನಿಂದ ಎಲ್ಲವನ್ನೂ ನಾನೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ವಾರದೊಳಗೆ ಕೈಯಾರೆ ವಾಪಸ್ ಕೊಡುತ್ತೇನೆ.

ಹೀಗೆ ಸಿಕ್ಕಿದ್ದನ್ನೆಲ್ಲ ಪುಸ್ತಕ ಮಾಡುತ್ತೇನೆ. ಅಚ್ಚಿನ ಕೆಲಸ ನನಗೆ ಸುಲಭ. 16 ಪುಟಕ್ಕೊಂದು ಫಾರಂ, ಆರು ಫಾರಂ ಅಂದರೆ 96 ಪುಟ, 500 ಪ್ರತಿ. ಜಾಸ್ತಿ ಹಾಕಿದರೆ ಮನೆಯಲ್ಲೇ ಉಳಿಯುತ್ತವೆ. 1954ರ ಕಾನೂನಿನಂತೆ ಕೋಲ್ಕತ್ತಾದ ನ್ಯಾಷನಲ್ ಲೈಬ್ರರಿಗೆ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸುವುದನ್ನು ತಪ್ಪಿಸುವುದಿಲ್ಲ. ನನ್ನ ಮನೆಗೂ ನೀರು ನುಗ್ಗಬಹುದಲ್ಲ.

ನಾಳೆ ಬಂಡಲ್ ಹೊರಟ ಮೇಲೆ ಡೊಂಬಿವಲಿಗೆ ಹೋಗಬೇಕು. ಅಲ್ಲೊಂದು ಕಟ್ಟಡ ಖಾಲಿಯಾಗುತ್ತಿದೆ. ಎರಡನೇ ಮಹಡಿಯಲ್ಲಿ ಎರಡು ಟ್ರಂಕು ಇವೆಯಂತೆ.