ಮಾಗಿಯ ಮಂಜಿನಲ್ಲಿ ನಂದಿ ಬೆಟ್ಟಕ್ಕೆ ಗುಂಪು ಸೈಕಲ್ ಸವಾರಿ: ಸಿದ್ಧತೆ ಹೇಗಿರಬೇಕು?

ಡಿಸೆಂಬರ್, ಜನವರಿಯ ಭಾನುವಾರಗಳಂದು ನಸುಕಿನಲ್ಲೇ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯತ್ತ ಸಾಲಾಗಿ ಸಾಗುವ ಸೈಕಲ್‌ಗಳ ಕೆಂಪು ದೀಪಗಳು ಕಾಣಸಿಗುತ್ತವೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ, 1,478 ಮೀಟರ್ ಎತ್ತರದ ನಂದಿ ಬೆಟ್ಟ ಅವರ ಗುರಿ. ಆದರೆ ದಟ್ಟ ಮಂಜು ಕವಿಯುವುದೂ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಎರಡು ಮೂರು ದಿನ ತುಂತುರು ಹಿಡಿಯುವುದೂ ಚಳಿಗಾಲದ ಈ ದಿನಗಳಲ್ಲೇ. ಹತ್ತುವುದು ಕಷ್ಟ, ಇಳಿಯುವುದು ಸಲೀಸು ಎಂಬ ಎಣಿಕೆ ಅಂಥ ಹವೆಯಲ್ಲಿ ತಲೆಕೆಳಗಾಗುತ್ತದೆ. ಆದ್ದರಿಂದ ಎಲ್ಲ ಸಿದ್ಧತೆಯನ್ನೂ ಇಳಿಜಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಮೊದಲ ಕೆಲಸ ಹಿಂದಿನ ಸಂಜೆಯದು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿ, ಯಾವ ಸ್ಥಿತಿಯಲ್ಲಿ ಹಿಂದಿರುಗಬೇಕು ಎಂಬುದನ್ನು ಎಲ್ಲರೂ ಸೇರಿ ಆಗಲೇ ತೀರ್ಮಾನಿಸಿಕೊಳ್ಳಿ. ಬೆಟ್ಟದ ಬುಡ ತಲುಪಿದ ಮೇಲೆ ಈ ಮಾತು ತೆಗೆದರೆ, ಅಷ್ಟು ದೂರ ತುಳಿದು ಬಂದ ಯಾರಿಗೂ ಹಿಂದಿರುಗಲು ಮನಸ್ಸಾಗುವುದಿಲ್ಲ. ನಡುಗುತ್ತಿರುವವರು ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಹತ್ತು ಹನ್ನೆರಡು ಮಂದಿಯಿದ್ದರೆ ನಾಲ್ಕೈದು ಜನರ ತಂಡಗಳಾಗಿ ಹಂಚಿಕೊಂಡು, ಪ್ರತಿ ತಂಡಕ್ಕೂ ದಾರಿ ಬಲ್ಲ ಒಬ್ಬರನ್ನು ಮುಂದಕ್ಕೆ, ಪಂಚರ್ ಹಾಕಬಲ್ಲ ಅನುಭವಿ ಒಬ್ಬರನ್ನು ಕೊನೆಗೆ ಇರಿಸಿ. ವೇಗವನ್ನು ನಿಧಾನವಾಗಿ ತುಳಿಯುವವರು ನಿರ್ಧರಿಸಬೇಕೇ ಹೊರತು ಬಲಶಾಲಿಗಳಲ್ಲ.

ಸೈಕಲ್‌ನ ವಿಷಯದಲ್ಲಿ ಬ್ರೇಕ್ ರಬ್ಬರ್‌ಗಳು ಸವೆದಿದ್ದರೆ ಬದಲಿಸಿ. ಟೈರಿನ ಗಾಳಿಯನ್ನು ಎಂದಿಗಿಂತ ತುಸು ಕಡಿಮೆ ಮಾಡಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ. ಗಾಜಿನ ಚೂರುಗಳು ಒದ್ದೆ ಟೈರಿಗೆ ಅಂಟಿಕೊಂಡು ಸುಲಭವಾಗಿ ಒಳನುಗ್ಗುವುದರಿಂದ ತಲೆಗೆರಡು ಟ್ಯೂಬ್ ಇರಲಿ. ಹಿಂಬದಿಯ ಮಡ್‌ಗಾರ್ಡ್ ಹಾಕಿಸಿಕೊಳ್ಳುವುದು ನಮಗಿಂತಲೂ ನಮ್ಮ ಹಿಂದೆ ಬರುವವರ ಮುಖಕ್ಕೆ ಮಾಡುವ ಉಪಕಾರ.

ಮಂಜಿನಲ್ಲಿ ಮುಂದಿನ ದೀಪವನ್ನು ನೆಲದ ಕಡೆಗೆ ಬಾಗಿಸಿ; ನೇರವಾಗಿ ಹಿಡಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಹಿಂದಿನ ಕೆಂಪು ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿರಲಿ, ಏಕೆಂದರೆ ಮಿನುಗುವ ದೀಪ ಎಷ್ಟು ದೂರದಲ್ಲಿದೆ ಎಂದು ಹಿಂದಿನಿಂದ ಬರುವ ಲಾರಿ ಚಾಲಕರಿಗೆ ಅಂದಾಜಾಗುವುದು ಕಷ್ಟ. ಒಬ್ಬರ ಹಿಂದೊಬ್ಬರು, ನಡುವೆ ಕನಿಷ್ಠ ಮೂರು ನಾಲ್ಕು ಸೈಕಲ್ ಉದ್ದದ ಅಂತರ ಬಿಟ್ಟು ಸಾಗಬೇಕು. ಕೈಸನ್ನೆ ಕಾಣಿಸದ ಕಾರಣ 'ಗುಂಡಿ', 'ಹಂಪ್' ಎಂದು ಮುಂದಿನವರು ಕೂಗಿ ಹೇಳಬೇಕು, ಪ್ರತಿಯೊಬ್ಬರೂ ಅದನ್ನು ಹಿಂದಿನವರಿಗೆ ದಾಟಿಸಬೇಕು. ತಿರುವು ಬಂದಲ್ಲೆಲ್ಲ ರಸ್ತೆ ಬಿಟ್ಟು ಬದಿಗೆ ನಿಂತು, ಕೊನೆಯವರು ಬಂದ ಮೇಲೆ ತಲೆ ಎಣಿಸಿಯೇ ಹೊರಡಿ. ಮುಂದೇನೂ ಕಾಣದಷ್ಟು ಮಂಜು ಕವಿದರೆ ಸುರಕ್ಷಿತ ಜಾಗದಲ್ಲಿ ಬೆಳಕು ಹರಿಯುವವರೆಗೆ ಕಾಯುವುದೊಂದೇ ದಾರಿ.

ಬೆಟ್ಟ ಹತ್ತುವಾಗ ಜರ್ಕಿನ್ನಿನ ಜಿಪ್ ಇಳಿಸಿ, ಬೆವರು ಆದಷ್ಟು ಕಡಿಮೆಯಾಗುವಂತೆ ನಿಧಾನವಾಗಿ ತುಳಿಯಿರಿ. ತುದಿಯಲ್ಲಿ ನಗರಕ್ಕಿಂತ ಮೂರು ನಾಲ್ಕು ಡಿಗ್ರಿ ಚಳಿ ಹೆಚ್ಚಿರುವುದು ಸಾಮಾನ್ಯ. ಅಲ್ಲಿ ಬೆವರಿನಲ್ಲಿ ನೆನೆದ ಅಂಗಿಯಲ್ಲೇ ಫೋಟೊ ತೆಗೆದುಕೊಳ್ಳುತ್ತ ನಿಂತರೆ, ಹತ್ತುವಾಗ ಹುಟ್ಟಿದ ಕಾವೆಲ್ಲ ಹತ್ತೇ ನಿಮಿಷದಲ್ಲಿ ಇಳಿದುಹೋಗುತ್ತದೆ. ಒಮ್ಮೆ ನಮ್ಮ ತಂಡದ ಕಿರಿಯ ಗೆಳೆಯನೊಬ್ಬ ಹಾಗೆಯೇ ಇಳಿಯಲು ಹೊರಟ. ಮೂರನೆಯ ತಿರುವಿನ ಹೊತ್ತಿಗೆ ಅವನ ಬೆರಳುಗಳು ಮರಗಟ್ಟಿ, ಬ್ರೇಕ್ ಹಿಡಿದಿದ್ದೇನೋ ಇಲ್ಲವೋ ಎಂಬುದೇ ತಿಳಿಯದಾಯಿತು. ಪುಣ್ಯಕ್ಕೆ ಅವನು ಚರಂಡಿಯ ಕಡೆಗೆ ವಾಲಿದ, ಕಣಿವೆಯ ಕಡೆಗಲ್ಲ. ಅಂದಿನಿಂದ ಪ್ರತಿಯೊಬ್ಬರೂ ಒಣ ಬನಿಯನ್ನು ಮತ್ತು ಒಂದು ಜೊತೆ ಒಣ ಕೈಗವಸುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಲೇಬೇಕೆಂಬ ನಿಯಮ ಮಾಡಿಕೊಂಡಿದ್ದೇವೆ. ತುದಿ ತಲುಪಿದೊಡನೆ ಬನಿಯನ್ ಬದಲಿಸಿ, ಎದೆಯ ಮೇಲೆ ಅಂಗಿಯೊಳಗೆ ದಿನಪತ್ರಿಕೆಯ ಹಾಳೆ ಮಡಚಿಟ್ಟು, ಜಿಪ್ ಎಳೆದು, ಬಿಸಿ ಚಹಾ ಕುಡಿದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ: ಹೆಬ್ಬೆರಳಿಗೆ ಕಿರುಬೆರಳನ್ನು ಸರಾಗವಾಗಿ ತಾಗಿಸಲು ಆಗದವರು ಇಳಿಯುವಂತಿಲ್ಲ. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಅವರನ್ನು ವಾಹನದಲ್ಲೇ ಕೆಳಗೆ ಕಳುಹಿಸಿ. ಸ್ಥಿತಿ ಗಂಭೀರವೆನಿಸಿದರೆ 108ಕ್ಕೆ ಕರೆ ಮಾಡಿ.

ಇಳಿಯುವಾಗ ಎಲ್ಲರೂ ಒಟ್ಟಿಗೆ ಹೊರಡದೆ, ಒಬ್ಬರು ಹೊರಟ ಅರ್ಧ ನಿಮಿಷಕ್ಕೆ ಮತ್ತೊಬ್ಬರು ಹೊರಡಲಿ. ಚಕ್ರದ ಅಂಚಿಗೆ ರಬ್ಬರ್ ಒತ್ತುವ ಬ್ರೇಕ್‌ಗಳಲ್ಲಿ ಮೊದಲ ಒತ್ತು ನೀರನ್ನು ಒರೆಸುವುದಕ್ಕೇ ವ್ಯಯವಾಗುವುದರಿಂದ, ತಿರುವಿಗೆ ಬಹಳ ಮುಂಚೆಯೇ ಹಗುರವಾಗಿ ಒತ್ತಲು ಆರಂಭಿಸಿ. ವೇಗ ತಗ್ಗಿಸುವ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಸೈಕಲ್ ವಾಲಿರುವಾಗ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ರಸ್ತೆಯ ಬಿಳಿ ಪಟ್ಟೆ, ಒದ್ದೆ ತರಗೆಲೆ, ವಾಹನಗಳಿಂದ ಸೋರಿದ ಎಣ್ಣೆಯ ಮೇಲೆ ಚಕ್ರ ಹರಿಸಬೇಡಿ. ಕೋತಿಗಳು ಏಕಾಏಕಿ ಅಡ್ಡ ಬರುವುದುಂಟು, ಎದುರಿನಿಂದ ಕಾರುಗಳು ತಿರುವನ್ನು ಅಗಲಕ್ಕೆ ಹಿಡಿದು ಬರುವುದೂ ಉಂಟು. ಆದ್ದರಿಂದ ಎಡಬದಿ ಬಿಡಬೇಡಿ.

ಬುಡದಲ್ಲಿ ಮತ್ತೆ ತಲೆ ಎಣಿಸಿ. ಚಳಿಯಲ್ಲಿ ಬಾಯಾರಿಕೆ ತಿಳಿಯದಿದ್ದರೂ ನೀರು ಕುಡಿದು, ಬಾಳೆಹಣ್ಣೋ ಕಡಲೆಕಾಯಿ ಚಿಕ್ಕಿಯೋ ತಿಂದು ಹೊರಡಿ. ಮನೆಗೆ ಬಂದವರು ಚೈನ್ ಒರೆಸಿ ಎಣ್ಣೆ ಬಿಡುವ ಮೊದಲು ತಂಡಕ್ಕೊಂದು ಸಂದೇಶ ಕಳುಹಿಸಲಿ. ಕೊನೆಯವರ ಸಂದೇಶ ಬರುವವರೆಗೆ ಮುಂದಾಳುಗಳು ಫೋನನ್ನು ಕೈಯಿಂದ ಇಳಿಸಬಾರದು.